ಮನೆಯಲ್ಲಿ ಎಂಡಿಆರ್ ಟಿಬಿ ಇದ್ದಾಗ ನಾಯಿಗೆ ಕೆಮ್ಮು ಹಿಡಿದರೆ: ಯಾವುದು ಮೊದಲು, ಯಾವುದು ಆಮೇಲೆ

ಮನೆಯಲ್ಲೊಬ್ಬರಿಗೆ ಔಷಧಕ್ಕೆ ಬಗ್ಗದ ಟಿಬಿ. ಕೆಲವು ತಿಂಗಳಿಗೆ ನಾಯಿಯೂ ಕೆಮ್ಮಲು ಶುರು. ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ವಾರದ ಆಂಟಿಬಯೋಟಿಕ್ ಕೊಡುತ್ತಾರೆ, ಕೆಮ್ಮು ಇಳಿಯುತ್ತದೆ, ಮತ್ತೆ ಏರುತ್ತದೆ. ಇನ್ನೊಂದು ಕೋರ್ಸು, ಈ ಸಲ ಜೊತೆಗೆ ಸ್ಟಿರಾಯ್ಡ್. ಪಕ್ಕೆಲುಬು ಎಣಿಸುವಷ್ಟು ನಾಯಿ ಇಳಿದ ಮೇಲೆ ಎದೆಯ ನೀರು ತೆಗೆದು ಲ್ಯಾಬಿಗೆ ಕಳಿಸಿದರೆ ‘ಏನೂ ಬೆಳೆದಿಲ್ಲ’ ಎಂಬ ರಿಪೋರ್ಟು ಬರುತ್ತದೆ. ಬೆಳೆಯುವುದು ಹೇಗೆ? ಅರ್ಧ ಸತ್ತ ರೋಗಾಣುವನ್ನು, ಪೂರ್ತಿ ಕೊಂದುಬಿಡುವ ಸಂರಕ್ಷಕ ದ್ರಾವಣವಾದ ಫಾರ್ಮಲಿನ್‌ನಲ್ಲಿ ಮುಳುಗಿಸಿ ಕಳಿಸಿರುತ್ತಾರೆ.

ಹೆಚ್ಚಿನವರು ಎಡವುವುದು ಇಲ್ಲೇ. ಮಾದರಿ ತೆಗೆಯುವ ಮೊದಲು ಔಷಧಿ ಶುರುವಾಗಿರುತ್ತದೆ. ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ.

ಎಂಡಿಆರ್ ಎಂದರೆ ಕನಿಷ್ಠ ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಟಿಬಿ. ಅದರ ಜೊತೆಗೆ ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್‌ನಂಥ ಫ್ಲೋರೋಕ್ವಿನೊಲೋನ್‌ಗಳಿಗೂ ಬಗ್ಗದಿದ್ದರೆ ಪ್ರೀ-ಎಕ್ಸ್‌ಡಿಆರ್. ನಾಯಿಗೆ ಮನುಷ್ಯರ ಟಿಬಿ ಬರುವುದು ಬಹುಮಟ್ಟಿಗೆ ಮನುಷ್ಯರಿಂದಲೇ. ನಾಯಿಯಿಂದ ಮನುಷ್ಯರಿಗೆ ಮರಳಿ ದಾಟಿದ್ದು ಖಚಿತವಾದ ಪ್ರಕರಣಗಳು ಅತಿ ವಿರಳ. ಹಾಗಾಗಿ ನಾಯಿಯನ್ನು ಬೀದಿಗೆ ಬಿಡುವುದು, ದೂರದ ಹಳ್ಳಿಗೆ ಸಾಗಹಾಕುವುದು ಪರಿಹಾರವಲ್ಲ. ಹಾಗೆ ಮಾಡಿದರೆ ರೋಗದ ಜಾಡು ಕೈತಪ್ಪುತ್ತದೆ.

## ಮೊದಲೇ ಕೈಗೆ ಸಿಗುವಂತೆ ಇಡಬೇಕಾದವು

ರೋಗಿಯ ಸಿಬಿನಾಟ್ ಅಥವಾ ಟ್ರೂನಾಟ್ (ಟಿಬಿ ರೋಗಾಣುವಿನ ಡಿಎನ್‌ಎಯನ್ನು ಬೇಗ ಪತ್ತೆ ಮಾಡುವ ಯಂತ್ರದ ಪರೀಕ್ಷೆ) ರಿಪೋರ್ಟು, ಮತ್ತು ಯಾವ ಯಾವ ಔಷಧಕ್ಕೆ ರೋಗಾಣು ಬಗ್ಗುವುದಿಲ್ಲ ಎಂದು ತಿಳಿಸುವ ಎಲ್‌ಪಿಎ (ಪ್ರತಿರೋಧದ ಜೀನ್ ಹುಡುಕುವ ಪರೀಕ್ಷೆ) ಅಥವಾ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನ ಜೆರಾಕ್ಸ್. ಬೇರೆ ಯಾವ ವಸ್ತುವಿಗಿಂತಲೂ ಇದು ಮುಖ್ಯ.

ಇದಲ್ಲದೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್‌95 ಮಾಸ್ಕ್, ಬಿಸಾಡುವ ಕೈಗವಸು, ಡಿಜಿಟಲ್ ತೂಕದ ಯಂತ್ರ, ನಾಯಿಗೆಂದೇ ಮೀಸಲಾದ ಥರ್ಮಾಮೀಟರ್, ಬ್ಲೀಚಿಂಗ್ ಪೌಡರ್, ಮುಚ್ಚಳವಿರುವ ಕಸದ ಡಬ್ಬಿ, ಒಂದು ನೋಟ್‌ಬುಕ್ಕು. ಸರ್ಜಿಕಲ್ ಮಾಸ್ಕನ್ನು ರೋಗಿ ಹಾಕಿಕೊಂಡರೆ ಉಗುಳಿನ ಹನಿ ಹೊರಗೆ ಹಾರುವುದು ತಗ್ಗುತ್ತದೆ. ಆರೈಕೆ ಮಾಡುವವರಿಗೆ ಅದು ಸಾಲದು, ಎನ್‌95 ಬೇಕು. ನಾಯಿಗೆ ಮಾಸ್ಕ್ ಕಟ್ಟಲು ಹೋಗಬೇಡಿ. ಅದರಿಂದ ಉಸಿರಾಟ ಕೆಡುತ್ತದೆಯೇ ಹೊರತು ಬೇರೇನೂ ಪ್ರಯೋಜನವಿಲ್ಲ.

## ಹಂತ 1: ಸಂಪರ್ಕದ ಲೆಕ್ಕ ಬರೆಯಿರಿ

ರೋಗಿಗೆ ಕೆಮ್ಮು ಶುರುವಾದ ದಿನಾಂಕದಿಂದ ಮೂರು ತಿಂಗಳು ಹಿಂದಕ್ಕೆ ಹೋಗಿ. ಅಲ್ಲಿಂದ, ಪರಿಣಾಮಕಾರಿ ಚಿಕಿತ್ಸೆ ಹತ್ತಿ ಕಫದ ಪರೀಕ್ಷೆ ನೆಗೆಟಿವ್ ಬಂದ ದಿನದವರೆಗೆ ಎಣಿಸಿ. ನಾಯಿ ಸೋಂಕಿಗೆ ಒಡ್ಡಿಕೊಂಡಿದ್ದ ಕಾಲ ಇದು.

ಈ ಅವಧಿಯಲ್ಲಿ ನಾಯಿ ಎಲ್ಲಿ ಮಲಗುತ್ತಿತ್ತು? ರೋಗಿಯ ಮಂಚದ ಮೇಲೋ, ಅದೇ ಕೋಣೆಯಲ್ಲೋ, ಅಂಗಳದ ಗೂಡಿನಲ್ಲೋ? ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯೆಲ್ಲ ಜೊತೆಗಿದ್ದ ನಾಯಿಗೂ ಗೇಟಿನ ಬಳಿ ಕಟ್ಟಿದ ನಾಯಿಗೂ ಇರುವ ಅಪಾಯ ಒಂದೇ ಅಲ್ಲ. ರೋಗಿ ಉಗುಳುವ ಡಬ್ಬಿಯನ್ನು, ಕಫ ಒರೆಸಿದ ಬಟ್ಟೆಯನ್ನು ನಾಯಿ ನೆಕ್ಕುತ್ತಿತ್ತೇ, ರೋಗಿಯ ತಟ್ಟೆಯ ಎಂಜಲು ತಿನ್ನುತ್ತಿತ್ತೇ ಎಂಬುದನ್ನೂ ಬರೆಯಿರಿ. ಕೇಳಿದರೆ ಮನೆಯವರು ಮೊದಲು ‘ಇಲ್ಲಪ್ಪ’ ಎನ್ನುತ್ತಾರೆ. ಮಕ್ಕಳನ್ನು ಕೇಳಿ, ನಿಜ ಹೊರಬರುತ್ತದೆ.

ಹಸಿ ಹಾಲು, ಬೇಯಿಸದ ಶ್ವಾಸಕೋಶ, ಯಕೃತ್ತು ಹಾಕುವ ರೂಢಿಯಿದ್ದರೆ ಅದನ್ನೂ ಸೇರಿಸಿ. ದನಗಳ ಟಿಬಿ, ಅಂದರೆ ಮೈಕೋಬ್ಯಾಕ್ಟೀರಿಯಂ ಬೋವಿಸ್, ಆ ದಾರಿಯಿಂದ ಬರುತ್ತದೆ. ಅದು ಹುಟ್ಟಿನಿಂದಲೇ ಪೈರಜಿನಮೈಡ್‌ಗೆ ಬಗ್ಗದ ತಳಿಯಾದ್ದರಿಂದ ಮುಂದೆ ರಿಪೋರ್ಟು ಓದುವಾಗ ಈ ಮಾಹಿತಿ ಬೇಕಾಗುತ್ತದೆ.

## ಹಂತ 2: ಅದೇ ದಿನ ಮನೆಯಲ್ಲಿ ಮಾಡಬೇಕಾದ್ದು

ನಾಯಿಯ ಹಾಸಿಗೆಯನ್ನು ರೋಗಿಯ ಕೋಣೆಯಿಂದ ಗಾಳಿ ಆಡುವ ಜಾಗಕ್ಕೆ ಸರಿಸಿ. ಎದುರುಬದುರಿನ ಎರಡು ಕಿಟಕಿ ತೆರೆದಿದ್ದರೆ ಒಳ್ಳೆಯದು. ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದೇ ಗಾಳಿ ಸುತ್ತುತ್ತಿರುತ್ತದೆ. ಕಫದ ಡಬ್ಬಿಗೆ ಮುಚ್ಚಳ ಇರಲಿ, ನಾಯಿಗೆ ಎಟುಕದ ಎತ್ತರದಲ್ಲಿರಲಿ.

ರೋಗಿಯ ಮಾತ್ರೆಗಳನ್ನು ಬೀಗ ಹಾಕುವ ಕಪಾಟಿನಲ್ಲಿಡಿ. ಇದು ಉಪಚಾರದ ಮಾತಲ್ಲ. ಐಸೋನಿಯಾಜಿಡ್ ಅನ್ನು ಅಸಿಟೈಲೇಶನ್ ಮಾಡಿ ನಿರ್ವಿಷಗೊಳಿಸುವ ಕಿಣ್ವ ನಾಯಿಯ ದೇಹದಲ್ಲಿಲ್ಲ. ಕಿಲೋ ತೂಕಕ್ಕೆ 50 ಮಿ.ಗ್ರಾಂ ಒಳಹೋದರೆ ಸಾವು ಬರಬಹುದು, ಅದಕ್ಕಿಂತ ಕಡಿಮೆಗೂ ಸೆಳವು ಬರುತ್ತದೆ. ಸಾಮಾನ್ಯ ಟಿಬಿಗೆ ಕೊಡುವ ನಾಲ್ಕು ಔಷಧಗಳ ಮಿಶ್ರ ಮಾತ್ರೆಯಲ್ಲಿ 75 ಮಿ.ಗ್ರಾಂ ಐಸೋನಿಯಾಜಿಡ್ ಇರುತ್ತದೆ. ಹತ್ತು ಕಿಲೋ ನಾಯಿ ಸ್ಟ್ರಿಪ್ಪು ಕಚ್ಚಿ ಹತ್ತು ಮಾತ್ರೆ ನುಂಗಿದರೆ 750 ಮಿ.ಗ್ರಾಂ, ಕಿಲೋಗೆ 75. ಎಂಡಿಆರ್‌ನ ಕೆಲವು ಚಿಕಿತ್ಸಾ ಕ್ರಮಗಳಲ್ಲಂತೂ ಐಸೋನಿಯಾಜಿಡ್‌ನ ಪ್ರಮಾಣ ಇನ್ನೂ ಹೆಚ್ಚು.

ನುಂಗಿದ ಅರ್ಧದಿಂದ ಒಂದೂವರೆ ಗಂಟೆಯೊಳಗೆ ಜೊಲ್ಲು, ವಾಂತಿ, ತೂರಾಟ, ಆಮೇಲೆ ಸೆಳವು. ಮನೆಮದ್ದು ಮಾಡುತ್ತ ಕೂರದೆ ಖಾಲಿ ಸ್ಟ್ರಿಪ್ಪಿನ ಸಮೇತ ಆಸ್ಪತ್ರೆಗೆ ಓಡಿ. ಇದರ ಪ್ರತಿವಿಷ ಪಿರಿಡಾಕ್ಸಿನ್, ಅಂದರೆ ಬಿ6. ಎಷ್ಟು ಮಿ.ಗ್ರಾಂ ಐಸೋನಿಯಾಜಿಡ್ ಹೋಗಿದೆಯೋ ಅಷ್ಟೇ ಮಿ.ಗ್ರಾಂ ಬಿ6 ಅನ್ನು ವೈದ್ಯರು ರಕ್ತನಾಳಕ್ಕೆ ಕೊಡುತ್ತಾರೆ. ಬರಿಯ ಬಿ6 ಇಂಜೆಕ್ಷನ್ ಎಲ್ಲ ಕಡೆ ಸ್ಟಾಕ್ ಇರುವುದಿಲ್ಲ. ಎಲ್ಲಿ ಸಿಗುತ್ತದೆಂದು ಇವತ್ತೇ ಕೇಳಿಟ್ಟುಕೊಳ್ಳಿ.

‘ರೋಗ ಬಾರದಿರಲಿ’ ಎಂದು ನಾಯಿಗೆ ಮುಂಜಾಗ್ರತೆಯಾಗಿ ಟಿಬಿ ಮಾತ್ರೆ ಹಾಕುವವರೂ ಇದ್ದಾರೆ. ಮೇಲಿನ ಲೆಕ್ಕ ಓದಿದ ಮೇಲೆ ಹೆಚ್ಚು ಹೇಳಬೇಕಿಲ್ಲ. ಎಂಡಿಆರ್ ತಳಿಯ ಮೇಲೆ ಸಾಮಾನ್ಯ ಪ್ರಮಾಣದ ಐಸೋನಿಯಾಜಿಡ್ ಕೆಲಸವನ್ನೂ ಮಾಡುವುದಿಲ್ಲ.

## ಹಂತ 3: ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಿ

ನಾಯಿಗೆ ಯಾವ ಲಕ್ಷಣವೂ ಇಲ್ಲದಿದ್ದರೆ ಗಮನಿಸುತ್ತ ಹೋಗುವುದೇ ಸದ್ಯದ ಕೆಲಸ. ವಾರಕ್ಕೊಮ್ಮೆ ತೂಕ: ನಾಯಿಯನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತು, ಬಂದ ಅಂಕಿಯಿಂದ ನಿಮ್ಮ ತೂಕ ಕಳೆಯಿರಿ. ಸಂಜೆಯ ಮೈ ಬಿಸಿ: ಗುದದ್ವಾರದಲ್ಲಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಸಹಜ. ನಿದ್ದೆಯಲ್ಲಿ ಉಸಿರಿನ ಲೆಕ್ಕ: ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ, 30 ದಾಟಬಾರದು. ನಾಲ್ಕನೆಯದು ದಿನಕ್ಕೆ ಎಷ್ಟು ಸಲ ಕೆಮ್ಮಿತು ಎಂಬುದು. ಕೆಮ್ಮನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ವೈದ್ಯರ ಮುಂದೆ ನಿಂತಾಗ ನಾಯಿ ಕೆಮ್ಮುವುದಿಲ್ಲ.

ಮನೆಯಲ್ಲಿ ಎಂಡಿಆರ್ ರೋಗಿ ಇದ್ದರೆ ಲಕ್ಷಣವಿಲ್ಲದ ನಾಯಿಗೂ ಶುರುವಿನಲ್ಲೊಂದು ಎದೆಯ ಎಕ್ಸ್‌ರೇ, ಆಮೇಲೆ ಒಂದು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸುವುದು ಜಾಣತನ.

ತಡ ಮಾಡಬಾರದ ಸೂಚನೆಗಳು: ಮೂರು ವಾರ ದಾಟಿದ ಕೆಮ್ಮು, ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿಕೆ (20 ಕಿಲೋ ನಾಯಿಗೆ ಒಂದು ಕಿಲೋ), ದವಡೆ ಕೆಳಗೆ ಅಥವಾ ಭುಜದ ಮುಂದೆ ಗಂಟು, ವಾಸಿಯಾಗದೆ ಸೋರುವ ಹುಣ್ಣು, ಹೊಟ್ಟೆ ಊದಿಕೊಳ್ಳುವುದು. ಇನ್ನೊಂದು ಸೂಚನೆಯನ್ನು ಎಲ್ಲರೂ ಸಂಧಿವಾತ ಎಂದುಕೊಳ್ಳುತ್ತಾರೆ. ನಾಲ್ಕೂ ಕಾಲಿನ ಮೂಳೆ ದಪ್ಪವಾಗಿ, ಮುಟ್ಟಿದರೆ ನೋವು. ಎದೆಯೊಳಗೆ ಗಡ್ಡೆ ಅಥವಾ ಟಿಬಿ ಇದ್ದಾಗ ಕಾಲಿನ ಮೂಳೆ ಹೀಗೆ ಬೆಳೆಯುವುದುಂಟು. ಕಾಲಿನ ಎಕ್ಸ್‌ರೇ ತೆಗೆದವರು ಎದೆಯದ್ದನ್ನೂ ತೆಗೆಯಬೇಕು.

## ಹಂತ 4: ವೈದ್ಯರ ಬಳಿ ಹೋಗುವ ಮೊದಲು ಫೋನು

‘ಮನೆಯಲ್ಲಿ ಎಂಡಿಆರ್ ಟಿಬಿ ರೋಗಿ ಇದ್ದಾರೆ, ನಾಯಿ ಕೆಮ್ಮುತ್ತಿದೆ’ ಎಂದು ಮೊದಲೇ ಹೇಳಿ. ನಾಚಿಕೆಯಿಂದ ಮುಚ್ಚಿಡುವುದೇ ಹೆಚ್ಚು. ಮುಚ್ಚಿಟ್ಟರೆ ವೈದ್ಯರು ಕೆನೆಲ್ ಕಾಫ್ (ನಾಯಿಗಳಲ್ಲಿ ಹರಡುವ ಸಾಮಾನ್ಯ ಕೆಮ್ಮು) ಎಂದುಕೊಳ್ಳುತ್ತಾರೆ, ತಪ್ಪು ಅವರದಲ್ಲ. ದಿನದ ಕೊನೆಯ ಸರದಿ ಕೇಳಿ, ಕರೆಯುವವರೆಗೆ ನಾಯಿಯೊಂದಿಗೆ ಹೊರಗೇ ಇರಿ.

ಮೊದಲ ಭೇಟಿಯಲ್ಲಿ ಮೂರು ಸಂಗತಿ ಬೇಡ ಎಂದು ವಿನಯದಿಂದಲೇ ಹೇಳಬಹುದು.

ಮೊದಲನೆಯದು ಎನ್‌ರೊಫ್ಲಾಕ್ಸಾಸಿನ್ ಮತ್ತು ಅದರ ಫ್ಲೋರೋಕ್ವಿನೊಲೋನ್ ಬಳಗ. ನಾಯಿಗಳ ಕೆಮ್ಮಿಗೆ ಬರೆಯುವ ಈ ಔಷಧ ಟಿಬಿ ರೋಗಾಣುವನ್ನು ಅರ್ಧಂಬರ್ಧ ಕೊಲ್ಲುತ್ತದೆ. ಕೆಮ್ಮು ತಾತ್ಕಾಲಿಕವಾಗಿ ಇಳಿಯುತ್ತದೆ, ಪರೀಕ್ಷೆ ನೆಗೆಟಿವ್ ಆಗುತ್ತದೆ, ಉಳಿದುಕೊಂಡ ರೋಗಾಣು ಆ ವರ್ಗಕ್ಕೇ ಬಗ್ಗದಂತಾಗುತ್ತದೆ. ಮನುಷ್ಯರ ಎಂಡಿಆರ್‌ಗೆ 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದ ಬಿಪಾಲ್‌ಎಂ ಚಿಕಿತ್ಸೆಯ ನಾಲ್ಕು ಔಷಧಗಳಲ್ಲಿ ಒಂದು ಮಾಕ್ಸಿಫ್ಲಾಕ್ಸಾಸಿನ್. ಇದೂ ಅದೇ ವರ್ಗ. ನಾಯಿಯ ದೇಹದಲ್ಲಿ ಆ ಅಸ್ತ್ರವನ್ನು ಮೊಂಡು ಮಾಡಬಾರದು. ಟಿಬಿಗೂ ಬಳಸುವ ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಕೂಡ ಪ್ರಯೋಗಕ್ಕೆಂದು ಬೇಡ. ಉಣ್ಣೆ ಜ್ವರದ (ಉಣ್ಣೆ ಹುಳು ಕಚ್ಚಿ ಬರುವ ಟಿಕ್ ಫೀವರ್) ಅನುಮಾನಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಟಿಬಿ ಪರೀಕ್ಷೆಗೆ ಅಷ್ಟು ಧಕ್ಕೆಯಿಲ್ಲ.

ಎರಡನೆಯದು ಸ್ಟಿರಾಯ್ಡ್. ಎರಡು ದಿನ ನಾಯಿ ಲವಲವಿಕೆಯಿಂದ ಓಡಾಡುತ್ತದೆ, ಒಳಗೆ ರೋಗ ಹರಡುತ್ತದೆ.

ಮೂರನೆಯದು ನೆಬ್ಯುಲೈಸರ್. ಕೆಮ್ಮು ಕೆರಳಿಸಿ ಕೋಣೆಯ ಗಾಳಿಗೆ ರೋಗಾಣು ತುಂಬುವ ಉಪಕರಣ ಇದು. ಟಿಬಿ ಅಲ್ಲ ಎಂದು ಗೊತ್ತಾಗುವವರೆಗೆ ಬೇಡ.

ಎನ್‌ರೊಫ್ಲಾಕ್ಸಾಸಿನ್ ಆಗಲೇ ಶುರುವಾಗಿದ್ದರೆ ಎಷ್ಟು ದಿನ ಕೊಟ್ಟಿರಿ ಎಂದು ಹೇಳಿ. ನಾಯಿ ಸುಸ್ಥಿತಿಯಲ್ಲಿದ್ದರೆ ಅದನ್ನು ನಿಲ್ಲಿಸಿ, ಎರಡು ವಾರ ಬಿಟ್ಟು ಮಾದರಿ ತೆಗೆಯಬಹುದೇ ಎಂದು ಕೇಳಿ.

## ಹಂತ 5: ಎಕ್ಸ್‌ರೇ ಮತ್ತು ಬೇರೆ ರೋಗಗಳ ಸೋಸುವಿಕೆ

ಟಿಬಿ ರೋಗಿಯ ಮನೆಯ ನಾಯಿಗೆ ಬೇರೆ ಕೆಮ್ಮು ಬರಬಾರದೆಂದೇನಿಲ್ಲ. ಪಾಮೆರೇನಿಯನ್‌ಗೆ ಶ್ವಾಸನಾಳ ಕುಸಿತ, ವಯಸ್ಸಾದ ಚಿಕ್ಕ ನಾಯಿಗೆ ಹೃದಯದ ಕವಾಟದ ತೊಂದರೆ, ಸೊಳ್ಳೆಯಿಂದ ಬರುವ ಹೃದಯದ ಹುಳು, ಉಣ್ಣೆ ಜ್ವರ, ಶ್ವಾಸಕೋಶದ ಕ್ಯಾನ್ಸರ್ ಇವೆಲ್ಲ ಪಟ್ಟಿಯಲ್ಲಿರಬೇಕು.

ಎಕ್ಸ್‌ರೇ ಎರಡೂ ಮಗ್ಗುಲಿಂದ ಮತ್ತು ಬೆನ್ನಿನ ಕಡೆಯಿಂದ, ಮೂರು ಬೇಕು. ಶ್ವಾಸನಾಳದ ಕವಲಿನ ಬಳಿ ದೊಡ್ಡದಾದ ಗ್ರಂಥಿ, ಎದೆಗೂಡಿನಲ್ಲೋ ಹೃದಯದ ಸುತ್ತಲೋ ನೀರು, ಚದುರಿದ ಗಂಟುಗಳು ಕಂಡರೆ ಟಿಬಿ ಅನುಮಾನ ಬಲವಾಗುತ್ತದೆ. ಕ್ಯಾನ್ಸರ್ ಕೂಡ ಹೀಗೆಯೇ ಕಾಣುತ್ತದೆ. ಎಕ್ಸ್‌ರೇ ನೋಡಿ ‘ಇದು ಟಿಬಿಯೇ’ ಎಂದವರನ್ನೂ, ‘ಕ್ಯಾನ್ಸರ್, ಮುಂದೆ ಏನೂ ಬೇಡ’ ಎಂದವರನ್ನೂ ನಂಬಿ ನಿಲ್ಲಬೇಡಿ.

ಚರ್ಮಕ್ಕೆ ಚುಚ್ಚಿ ನೋಡುವ ಟ್ಯೂಬರ್ಕ್ಯುಲಿನ್ ಪರೀಕ್ಷೆ ನಾಯಿಯಲ್ಲಿ ಭರವಸೆಗೆ ಅರ್ಹವಲ್ಲ. ಮನುಷ್ಯರ ಇಗ್ರಾ (ಟಿಬಿ ಸೋಂಕಿನ ರಕ್ತಪರೀಕ್ಷೆ) ಕಿಟ್ ಮನುಷ್ಯರ ಇಂಟರ್‌ಫೆರಾನ್ ಎಂಬ ಪ್ರೊಟೀನನ್ನು ಅಳೆಯಲೆಂದು ಮಾಡಿದ್ದು. ನಾಯಿಯ ರಕ್ತ ಹಾಕಿದರೆ ಬರುವ ನೆಗೆಟಿವ್‌ಗೆ ಅರ್ಥವಿಲ್ಲ. ಆ ದುಡ್ಡನ್ನು ಮುಂದಿನ ಹಂತಕ್ಕೆ ಉಳಿಸಿ.

## ಹಂತ 6: ಮಾದರಿ ತೆಗೆಯುವುದು

ಎಲ್ಲ ನಿಂತಿರುವುದು ಈ ಹಂತದ ಮೇಲೆ, ಹೆಚ್ಚು ಹಾಳಾಗುವುದೂ ಇದೇ.

ನಾಯಿ ಕಫ ಉಗುಳುವುದಿಲ್ಲ, ನುಂಗುತ್ತದೆ. ಗಂಟಲಿಗೆ ಹತ್ತಿಕಡ್ಡಿ ಆಡಿಸಿ ಕಳಿಸಿದ ಮಾದರಿಯಲ್ಲಿ ಏನೂ ಸಿಗದಿರುವುದು ಅದಕ್ಕೇ. ಗಂಟು ದೊಡ್ಡದಾಗಿದ್ದರೆ ಸೂಜಿಯಿಂದ ಎಳೆದ ದ್ರವ ಅಥವಾ ಗಂಟಿನ ತುಣುಕು, ಎದೆಯಲ್ಲಿ ನೀರಿದ್ದರೆ ಆ ನೀರು, ಇವೆರಡೂ ಇಲ್ಲದಿದ್ದರೆ ಅರಿವಳಿಕೆ ಕೊಟ್ಟು ಶ್ವಾಸನಾಳಕ್ಕೆ ಸಲೈನ್ ಹಾಕಿ ಹಿಂದಕ್ಕೆ ಎಳೆದದ್ದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಜಠರದ ದ್ರವವನ್ನೂ ತೆಗೆಯಬಹುದು. ಜಠರದ ಆಮ್ಲ ರೋಗಾಣುವನ್ನು ಕೊಲ್ಲುವುದರಿಂದ ಅದಕ್ಕೆ ಕೂಡಲೇ ಸೋಡಿಯಂ ಬೈಕಾರ್ಬನೇಟ್ ಬೆರೆಸಬೇಕು. ಶ್ವಾಸನಾಳ ತೊಳೆಯುವಾಗ ಹೊರಬರುವ ಹನಿಗಳೇ ಕ್ಲಿನಿಕ್ಕಿನವರಿಗೆ ದೊಡ್ಡ ಅಪಾಯ. ಕೋಣೆಯಲ್ಲಿ ಬೇಕಾದಷ್ಟೇ ಜನ, ಎಲ್ಲರಿಗೂ ಎನ್‌95, ಕಿಟಕಿ ತೆರೆದಿರಬೇಕು.

ತೆಗೆದ ಮಾದರಿಯನ್ನು ಅಲ್ಲೇ ಎರಡು ಭಾಗ ಮಾಡಿಸಿ. ಅಂಗಾಂಶ ಪರೀಕ್ಷೆಗೆ ಹೋಗುವ ತುಣುಕು ಫಾರ್ಮಲಿನ್‌ಗೆ. ಕಲ್ಚರ್ ಮತ್ತು ಸಿಬಿನಾಟ್‌ಗೆ ಹೋಗುವುದು ಬರಿಯ ಸ್ಟೆರೈಲ್ ಟ್ಯೂಬಿಗೆ. ತುಣುಕು ಒಣಗದಿರಲು ಒಂದೆರಡು ಹನಿ ಸ್ಟೆರೈಲ್ ಸಲೈನ್ ಸಾಕು. ಫಾರ್ಮಲಿನ್ ಸೋಕಿದ ಮಾದರಿಯಲ್ಲಿ ರೋಗಾಣು ಬೆಳೆಯುವುದಿಲ್ಲ. ರೋಗಾಣು ಬೆಳೆಯದಿದ್ದರೆ ಯಾವ ಔಷಧಕ್ಕೆ ಬಗ್ಗುತ್ತದೆಂಬ ಪೂರ್ಣ ಚಿತ್ರ ಎಂದಿಗೂ ಸಿಗದು.

ಎದೆಯ ನೀರಾದರೆ ಕನಿಷ್ಠ 10 ಮಿಲಿ, ಹೆಚ್ಚಿದ್ದಷ್ಟೂ ಒಳ್ಳೆಯದು. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಯಲ್ಲಿ 5,000ದಿಂದ 10,000 ರೋಗಾಣು ಬೇಕು. ಎರಡು ಹನಿ ಕಳಿಸಿ ‘ನೆಗೆಟಿವ್ ಬಂತು’ ಎಂದು ನೆಮ್ಮದಿಪಡುವುದರಲ್ಲಿ ಅರ್ಥವಿಲ್ಲ.

ಬಾಟಲಿಯನ್ನು ನಲ್ಲಿ ನೀರಿನಲ್ಲಿ ತೊಳೆದು ಬಳಸಬೇಡಿ. ನಲ್ಲಿ ನೀರಿನಲ್ಲಿ ಟಿಬಿಯ ದಾಯಾದಿ ಮೈಕೋಬ್ಯಾಕ್ಟೀರಿಯಾಗಳಿರುತ್ತವೆ. ಬಣ್ಣ ಹಾಕಿ ನೋಡಿದಾಗ ಅವೂ ಅದೇ ಕೆಂಪು ಕಡ್ಡಿಗಳಂತೆ ಕಾಣುತ್ತವೆ.

ಮಾದರಿಯನ್ನು ಒಂದರೊಳಗೊಂದು ಮೂರು ಪದರದಲ್ಲಿ ಕಟ್ಟಿ: ಬಿಗಿ ಮುಚ್ಚಳದ ಟ್ಯೂಬು, ಅದರ ಸುತ್ತ ಹತ್ತಿ, ಸೋರದ ಎರಡನೇ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ. ಐಸ್ ಪ್ಯಾಕ್ ಇಟ್ಟು 2ರಿಂದ 8 ಡಿಗ್ರಿಯಲ್ಲಿ ಸಾಗಿಸಿ, ಫ್ರೀಜರಿಗೆ ಹಾಕಬೇಡಿ. ಚೀಟಿಯ ಮೇಲೆ ನಾಯಿಯ ಮಾದರಿ ಎಂದೂ, ಮನೆಯಲ್ಲಿ ಎಂಡಿಆರ್ ರೋಗಿ ಇದ್ದಾರೆಂದೂ ದೊಡ್ಡ ಅಕ್ಷರದಲ್ಲಿ ಬರೆಯಿರಿ. ತೆರೆಯುವವರ ಜೀವದ ಪ್ರಶ್ನೆ.

ಎಲ್ಲಿಗೆ ಕಳಿಸುವುದು? ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇವೆ. ವಿಚಾರಣೆ ಅಲ್ಲಿಂದ ಶುರು ಮಾಡಿ. ಸಿಬಿನಾಟ್, ಟ್ರೂನಾಟ್ ಯಂತ್ರಗಳಿರುವುದು ಹೆಚ್ಚಾಗಿ ಮನುಷ್ಯರ ಟಿಬಿ ಕಾರ್ಯಕ್ರಮದಡಿ, ಅವು ಪ್ರಾಣಿಗಳ ಮಾದರಿಗೆಂದು ಇಟ್ಟವಲ್ಲ. ಪಶುವೈದ್ಯರ ಪತ್ರದೊಂದಿಗೆ ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಯನ್ನು ಮೊದಲೇ ಕೇಳಿ. ರೋಗಿಯ ಹೆಸರಿನಲ್ಲಿ ನಾಯಿಯ ಮಾದರಿಯನ್ನು ನುಸುಳಿಸುವುದು ಮಾತ್ರ ಬೇಡವೇ ಬೇಡ. ಆ ಫಲಿತಾಂಶ ಸರ್ಕಾರದ ಟಿಬಿ ದಾಖಲೆ ಪೋರ್ಟಲ್ ನಿಕ್ಷಯ್‌ನಲ್ಲಿ ರೋಗಿಯ ಖಾತೆಗೆ ಸೇರಿ, ಅವರ ಚಿಕಿತ್ಸೆಯೇ ಬದಲಾಗಬಹುದು.

## ಹಂತ 7: ರಿಪೋರ್ಟು ಓದುವುದು

‘ಎಎಫ್‌ಬಿ ಪಾಸಿಟಿವ್’ ಎಂದಷ್ಟೇ ಬಂದರೆ ಆಮ್ಲಕ್ಕೆ ಬಣ್ಣ ಬಿಡದ ರೋಗಾಣು ಇದೆ ಎಂದರ್ಥ, ಟಿಬಿ ಎಂದಲ್ಲ. ಕಿವಿಯ ಮೇಲೆ ಮಾತ್ರ ಗಟ್ಟಿ ಗಂಟುಗಳಿರುವ ಬಾಕ್ಸರ್‌ನಂಥ ಕಿರುಗೂದಲ ನಾಯಿಯಲ್ಲಿ ಇದೇ ಫಲಿತಾಂಶ ಬಂದರೆ ಅದು ಲೆಪ್ರಾಯ್ಡ್ ಗಂಟು ಇರಬಹುದು. ನಿರುಪದ್ರವಿ, ಬಹಳ ಸಲ ತಾನಾಗಿ ಕರಗುತ್ತದೆ. ಈ ಒಂದು ಗೊಂದಲದಲ್ಲಿ ನಾಯಿಯ ಜೀವ ಹೋಗಬಾರದು.

ಸಿಬಿನಾಟ್ ಸುಮಾರು ಎರಡು ಗಂಟೆಯಲ್ಲಿ ಟಿಬಿ ಗುಂಪಿನ ರೋಗಾಣು ಇದೆಯೇ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ಹೇಳುತ್ತದೆ. ಮನುಷ್ಯರದ್ದೋ ದನದ್ದೋ ಎಂದು ಹೇಳುವುದಿಲ್ಲ. ರಿಫಾಂಪಿಸಿನ್ ಪ್ರತಿರೋಧ ‘ಪತ್ತೆಯಾಗಿಲ್ಲ’ ಎಂದರೆ ಐಸೋನಿಯಾಜಿಡ್ ಕೆಲಸ ಮಾಡುತ್ತದೆ ಎಂದಲ್ಲ, ಅದಕ್ಕೆ ಎಲ್‌ಪಿಎ ಬೇಕು. ನೆಗೆಟಿವ್ ಬಂದರೂ ಕಲ್ಚರ್‌ಗೆ ಕಾಯಿರಿ: ದ್ರವ ಮಾಧ್ಯಮದಲ್ಲಿ 42 ದಿನ, ಎಲ್‌ಜೆ ಎಂಬ ಘನ ಮಾಧ್ಯಮದಲ್ಲಿ ಎಂಟು ವಾರ. ಕಾಯುವಷ್ಟು ಕಾಲವೂ ಹಂತ 2ರ ಕಟ್ಟುಪಾಡು ಸಡಿಲಿಸಬಾರದು.

ಬಂದ ಪಟ್ಟಿಯನ್ನು ರೋಗಿಯ ರಿಪೋರ್ಟಿನ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಔಷಧಗಳಿಗೆ ಬಗ್ಗದಿದ್ದರೆ ಮೂಲ ಮನೆಯೊಳಗೇ ಇರುವ ಸಾಧ್ಯತೆ ಹೆಚ್ಚು. ಬೇರೆಯಾಗಿದ್ದರೆ ಮೂರನೆಯ ಮೂಲವೊಂದನ್ನು ಹುಡುಕಬೇಕು: ಮನೆಕೆಲಸದವರು, ಬಂದುಹೋಗುವ ನೆಂಟರು, ಇನ್ನೂ ಪತ್ತೆಯಾಗದ ಇನ್ನೊಬ್ಬ ರೋಗಿ.

## ಹಂತ 8: ಚಿಕಿತ್ಸೆಯೋ, ದಯಾಮರಣವೋ

ಸುತ್ತಿಬಳಸದೆ ಹೇಳುವುದಾದರೆ, ಎಂಡಿಆರ್ ಖಚಿತವಾದ, ಶ್ವಾಸಕೋಶಕ್ಕೆ ರೋಗ ತಗುಲಿದ ನಾಯಿಗೆ ದಯಾಮರಣವನ್ನೇ ಪಶುವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ಬೆಡಾಕ್ವಿಲಿನ್, ಪ್ರೆಟೊಮನಿಡ್ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ರೋಗಿಗಳಿಗೆ ಸಿಗುವ ಔಷಧಗಳು, ಪ್ರಾಣಿಗಳಿಗೆ ಆ ಸರಬರಾಜಿಲ್ಲ. ಉಳಿದ ಔಷಧಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೊಡುವಾಗ ಯಕೃತ್ತು ಕೆಡುತ್ತದೆ, ನಾಯಿ ಊಟ ಬಿಡುತ್ತದೆ, ದಿನಗಳು ತಪ್ಪುತ್ತವೆ. ತಪ್ಪಿದ ಪ್ರತಿ ದಿನವೂ ಪ್ರತಿರೋಧಕ್ಕೆ ಹೊಸ ಮೆಟ್ಟಿಲು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳು, ಎಚ್‌ಐವಿ ಇರುವವರು, ಡಯಾಲಿಸಿಸ್ ಅಥವಾ ಕಿಮೊ ಆಗುತ್ತಿರುವವರು ಇದ್ದರೆ ಈ ನಿರ್ಧಾರವನ್ನು ಮುಂದೂಡಲು ಆಗುವುದಿಲ್ಲ.

ರೋಗಿಯ ಮಾತ್ರೆಯಲ್ಲಿ ನಾಯಿಗೆ ಪಾಲು ಹಾಕುವುದು ಇಬ್ಬರನ್ನೂ ಕೊಲ್ಲುವ ದಾರಿ.

ರೋಗಾಣು ಔಷಧಗಳಿಗೆ ಬಗ್ಗುವಂಥದ್ದೆಂದು ರಿಪೋರ್ಟು ಬಂದು, ವೈದ್ಯರು ಒಪ್ಪಿ, ಮನೆಯಲ್ಲಿ ದುರ್ಬಲರಿಲ್ಲದಿದ್ದರೆ ಚಿಕಿತ್ಸೆಯ ಮಾತು ಬರುತ್ತದೆ. ಕನಿಷ್ಠ ಆರು ತಿಂಗಳು, ಒಂದಕ್ಕಿಂತ ಹೆಚ್ಚು ಔಷಧ, ನಿಯಮಿತವಾಗಿ ಯಕೃತ್ತಿನ ರಕ್ತಪರೀಕ್ಷೆ. ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ವೈದ್ಯರೇ ಬರೆಯಬೇಕು. ರಿಫಾಂಪಿಸಿನ್ ಕೊಟ್ಟರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಕ್ತವಲ್ಲ. ಕಣ್ಣಿನ ಬಿಳಿ ಹಳದಿಯಾದರೆ, ಎರಡು ದಿನ ಊಟ ಬಿಟ್ಟರೆ ಅದೇ ದಿನ ಫೋನು ಮಾಡಿ.

ನಾಯಿ ತೀರಿಕೊಂಡರೆ ಬಾಯಿ, ಮೂಗಿಗೆ ಬ್ಲೀಚ್ ದ್ರಾವಣದಲ್ಲಿ ನೆನೆಸಿದ ಬಟ್ಟೆ ಮುಚ್ಚಿ, ಎರಡು ದಪ್ಪ ಚೀಲದಲ್ಲಿ ಸುತ್ತಿ. ಸುಡುವ ವ್ಯವಸ್ಥೆ ಇದ್ದರೆ ಅದೇ ಉತ್ತಮ, ಇಲ್ಲದಿದ್ದರೆ ಬಾವಿ, ಕೆರೆಯಿಂದ ದೂರ ಆರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಶವಪರೀಕ್ಷೆಯನ್ನು ಸುರಕ್ಷತಾ ವ್ಯವಸ್ಥೆ ಇರುವ ಕಡೆ ಮಾತ್ರ ಮಾಡಿಸಿ. ಬಯಲಿನಲ್ಲಿ ಕುಯ್ದು ನೋಡುವುದು ಬೇಡ.

## ಹಂತ 9: ಶುಚಿ, ಮತ್ತು ಮನೆಯ ಉಳಿದವರು

ಸಾಮಾನ್ಯ ಡೆಟಾಲ್, ಪರಿಮಳದ ಫ್ಲೋರ್ ಕ್ಲೀನರ್ ಟಿಬಿ ರೋಗಾಣುವಿನ ಮೇಣದಂಥ ಗೋಡೆಯನ್ನು ಸರಿಯಾಗಿ ಭೇದಿಸುವುದಿಲ್ಲ. ಒಂದು ಲೀಟರ್ ನೀರಿಗೆ 30 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕದಡಿದರೆ ಸುಮಾರು 1% ದ್ರಾವಣವಾಗುತ್ತದೆ. ಆಯಾ ದಿನದ್ದನ್ನು ಆಯಾ ದಿನವೇ ಮಾಡಿ. ನಾಯಿಯ ಜೊಲ್ಲು, ಕೀವು, ವಾಂತಿ ಬಿದ್ದ ಜಾಗವನ್ನು ಮೊದಲು ಒರೆಸಿ ತೆಗೆದು, ಆಮೇಲೆ ದ್ರಾವಣ ಸುರಿದು ಅರ್ಧ ಗಂಟೆ ಬಿಡಿ. ಕೊಳೆಯ ಮೇಲೆಯೇ ಸುರಿದರೆ ಕ್ಲೋರಿನ್ ಕೊಳೆಯಲ್ಲೇ ಮುಗಿದುಹೋಗುತ್ತದೆ. ಟಾಯ್ಲೆಟ್ ಆಸಿಡ್ ಜೊತೆ ಬೆರೆಸಿದರೆ ವಿಷಾನಿಲ. ತೊಳೆದು ಒಣಗುವವರೆಗೆ ನಾಯಿ ಅಲ್ಲಿ ಕಾಲಿಡದಿರಲಿ. ಹಾಸಿಗೆಯ ಬಟ್ಟೆಯನ್ನು ಕುದಿಸಿ, ಕುದಿಸಲಾಗದ್ದನ್ನು ಹಲವು ದಿನ ಚುರುಕು ಬಿಸಿಲಿಗೆ ಹರಡಿ.

ಬೆಕ್ಕಿಗೆ ಮನುಷ್ಯರ ಟಿಬಿ ಸುಲಭವಾಗಿ ತಗುಲುವುದಿಲ್ಲ, ದನದ ಟಿಬಿ ತಗುಲುತ್ತದೆ. ಪಂಜರದ ಗಿಳಿಗೆ ಮನುಷ್ಯರದ್ದೇ ತಗುಲಬಹುದು. ಕೊಟ್ಟಿಗೆಯಲ್ಲಿ ಹಸುವಿದ್ದರೆ ರೋಗಿ ಹಾಲು ಕರೆಯುವುದನ್ನು ಸದ್ಯಕ್ಕೆ ಬಿಡಬೇಕು, ಮನೆಯವರೆಲ್ಲ ಕಾಯಿಸಿದ ಹಾಲನ್ನೇ ಕುಡಿಯಬೇಕು.

ನಾಯಿಗೆ ಟಿಬಿ ಖಚಿತವಾದ ದಿನ ಮನೆಯ ಪ್ರತಿಯೊಬ್ಬರೂ, ಮೊದಲು ನೆಗೆಟಿವ್ ಬಂದವರೂ ಸೇರಿ, ಮತ್ತೆ ಪರೀಕ್ಷೆಗೆ ಹೋಗಬೇಕು. ನಾಯಿಗೆ ಹಬ್ಬುವಷ್ಟು ರೋಗಾಣು ಗಾಳಿಯಲ್ಲಿತ್ತು ಎಂದರೆ ಅದನ್ನು ಮಕ್ಕಳೂ ಉಸಿರಾಡಿದ್ದಾರೆ. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ತಾಲೂಕು ಆಸ್ಪತ್ರೆಯಲ್ಲಿ ವ್ಯವಸ್ಥೆಯಾಗುತ್ತದೆ. ಟಿಬಿ ಸಹಾಯವಾಣಿ 1800-11-6666, ಕರೆ ಉಚಿತ. ನಾಯಿಯ ಮಾದರಿ ತೆಗೆದ ವೈದ್ಯರು, ಕಾಂಪೌಂಡರ್, ಎಕ್ಸ್‌ರೇ ತೆಗೆದವರು, ಸ್ನಾನ ಮಾಡಿಸುವ ಗ್ರೂಮರ್, ಇವರೆಲ್ಲರಿಗೂ ಫಲಿತಾಂಶವನ್ನು ನೀವೇ ಫೋನು ಮಾಡಿ ಹೇಳಿ. ಲ್ಯಾಬಿನವರು ಅವರಿಗೆ ಹೇಳುವುದಿಲ್ಲ.